ಕೊಲೆ ಕತೆ ಕೇಳ್ತಾ ನಗೋರು: ಇಂಗ್ಲಿಷಲ್ಲಿ ಸಿಗೋ ಈ ಮಜಾ ಕನ್ನಡದಲ್ಲಿ ಯಾಕೆ ಸಿಗ್ತಿಲ್ಲ?

ಮೆಟ್ರೋಲಿ, ಬಿಎಂಟಿಸಿ ಬಸ್ಸಲ್ಲಿ, ಔಟರ್ ರಿಂಗ್ ರೋಡಿನ ಕ್ಯಾಬಲ್ಲಿ ಕಿವಿಗೆ ಇಯರ್‌ಬಡ್ ಹಾಕ್ಕೊಂಡು ಕೂತಿರೋರೆಲ್ಲ ಹಾಡೇ ಕೇಳ್ತಿದಾರೆ ಅನ್ಕೋಬೇಡಿ, ಅದ್ರಲ್ಲಿ ಒಂದಷ್ಟು ಜನ ಆಡಿಯೋಬುಕ್ಕಲ್ಲಿ ಯಾರದ್ದೋ ಕೊಲೆ ಹೆಂಗಾಯ್ತು ಅಂತ ಕೇಳ್ತಾ ಒಳಗೊಳಗೇ ನಗ್ತಿರ್ತಾರೆ. ಮ್ಯಾಪ್ ಕಂಪನಿ ಟಾಮ್‌ಟಾಮ್‌ನೋರ 2024ರ ಟ್ರಾಫಿಕ್ ಲೆಕ್ಕದಲ್ಲಿ ಬೆಂಗಳೂರಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಆಫೀಸು 20 ಕಿಲೋಮೀಟರ್ ದೂರ ಇರೋರಿಗೆ ಹೋಗಿ ಬರೋಕೆ ದಿನಕ್ಕೆ ಎರಡೂ ಕಾಲು ಗಂಟೆ ಆಯ್ತು. ಸಾಧಾರಣ ಸೈಜಿನ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಆಡಿಯೋಲಿ ಹತ್ತು ಹನ್ನೊಂದು ಗಂಟೆ ಬರುತ್ತೆ, ಅಂದ್ರೆ ಸೋಮವಾರ ಬೆಳಿಗ್ಗೆ ಹೆಣ ಬಿದ್ರೆ ಶುಕ್ರವಾರ ಸಂಜೆ ಸಿಲ್ಕ್ ಬೋರ್ಡ್ ಹತ್ರ ಕೊಲೆಗಾರ ಸಿಕ್ಕಾಕ್ಕೋತಾನೆ. ಟ್ರಾಫಿಕ್ಕಿಗೂ ಈ ತರದ ಪುಸ್ತಕಕ್ಕೂ ಯಾರೋ ಜಾತಕ ನೋಡಿ ಮದ್ವೆ ಮಾಡಿಸಿದಂಗಿದೆ.

ಆದ್ರೆ ಕೇಳ್ತಿರೋದು ಬಹುಪಾಲು ಇಂಗ್ಲಿಷಲ್ಲಿ. ಮನೇಲಿ ಕನ್ನಡ, ಫ್ರೆಂಡ್ಸ್ ಜತೆ ಕನ್ನಡ, ಸಿನಿಮಾ ಕನ್ನಡ, ಕೊಲೆ ಮಾತ್ರ ಇಂಗ್ಲೆಂಡಲ್ಲಿ ಆಗ್ಬೇಕು. ಇದನ್ನ ನೋಡಿ "ಕನ್ನಡಕ್ಕೆ ಓದುಗರಿಲ್ಲ" ಅನ್ನೋ ಹಳೇ ಗೋಳು ಶುರು ಮಾಡೋರಿದಾರೆ, ನಾನದನ್ನ ಒಪ್ಪಲ್ಲ. ಕೇಳೋರಿದಾರೆ, ಕತೆಗಳಿವೆ, ಓದೋಕೆ ಒಳ್ಳೇ ದನಿಗಳೂ ಇವೆ. ಆಡಿಯೋಲಿ ದುಡ್ಡು ಹುಟ್ಟೋ ದಾರಿ ಇದ್ಯಲ್ಲ, ಅದೊಂದು ಮಾತ್ರ ಈ ತರದ ಪುಸ್ತಕಕ್ಕೆ ಅಡ್ಡ ನಿಂತಿದೆ.

ಯಾವ ತರದ ಪುಸ್ತಕ ಅಂತ ಹೇಳ್ಬಿಡ್ತೀನಿ, ಹಗುರ ಕ್ರೈಮ್ ಅನ್ನೋಣ. ಕೊಲೆ ಇರುತ್ತೆ, ರಕ್ತ ಕಾಣಲ್ಲ. ಪೊಲೀಸ್ರು ಇರ್ತಾರೆ, ಕೇಸು ಬಿಡಿಸೋರು ಬೇರೆಯೋರು, ಬೇಕರಿ ನಡ್ಸೋರು, ರಿಟೈರ್ ಆದೋರು, ಅಕ್ಕಪಕ್ಕದ ಮನೆಯೋರು. ರಿಚರ್ಡ್ ಆಸ್ಮನ್ ಅನ್ನೋ ಬ್ರಿಟಿಷ್ ಟಿವಿ ನಿರೂಪಕರು 2020ರಲ್ಲಿ 'ದ ಥರ್ಸ್‌ಡೇ ಮರ್ಡರ್ ಕ್ಲಬ್' ಬರೆದ್ರು, ಇಂಗ್ಲೆಂಡಿನ ಕೆಂಟ್ ಕಡೆ ಒಂದು ರಿಟೈರ್‌ಮೆಂಟ್ ವಿಲೇಜಲ್ಲಿ ನಾಲ್ಕು ಜನ ವಯಸ್ಸಾದೋರು ವಾರಕ್ಕೊಂದ್ಸಲ ಸೇರಿ ಬಗೆಹರಿಯದ ಹಳೇ ಕೇಸು ಕೆದಕ್ತಿರ್ತಾರೆ, ಅಷ್ಟರಲ್ಲಿ ಪಕ್ಕದಲ್ಲೇ ನಿಜವಾದ ಕೊಲೆ ಆಗುತ್ತೆ. 2025ರಲ್ಲಿ ಅದು ನೆಟ್‌ಫ್ಲಿಕ್ಸ್ ಸಿನಿಮಾನೂ ಆಯ್ತು. ಇದ್ರದ್ದೇ ಕಿರಿ ತಂಗಿ ಟೀನ್ ಥ್ರಿಲ್ಲರ್, ಅಲ್ಲಿ ಪತ್ತೇದಾರರು ಹೈಸ್ಕೂಲು ಮಕ್ಕಳು. ಹಾಲಿ ಜಾಕ್ಸನ್ 2019ರಲ್ಲಿ ಬರೆದ 'ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್' ಅದಕ್ಕೆ ಒಳ್ಳೇ ಉದಾಹರಣೆ, ಹುಡುಗಿ ಸ್ಕೂಲ್ ಪ್ರಾಜೆಕ್ಟಿಗೆ ಅಂತ ಐದು ವರ್ಷ ಹಿಂದಿನ ಕೇಸು ಹಿಡ್ಕೋತಾಳೆ. ಇದು ಮೊದಲನೇದಷ್ಟು ಹಗುರ ಅಲ್ಲ, ಓದ್ತಾ ಓದ್ತಾ ಕತ್ತಲಾಗುತ್ತೆ, ಆದ್ರೂ ವೇಗ ಜಾಸ್ತಿ ಇರೋದ್ರಿಂದ ಕೇಳೋರಿಗೆ ಭಾರ ಅನ್ಸಲ್ಲ.

ಇದೇನೋ ಆಪ್‌ಗಳು ಬಂದ್ಮೇಲೆ ಹುಟ್ಟಿದ ಚಟ ಅನ್ನೋರಿಗೆ ಒಂದು ಹಳೇ ಸಂಗತಿ. ಬ್ರಿಟನ್ನಲ್ಲಿ ಕಣ್ಣು ಕಾಣದೋರಿಗೋಸ್ಕರ ಟಾಕಿಂಗ್ ಬುಕ್ ಅಂತ ಗ್ರಾಮಫೋನ್ ಪ್ಲೇಟಲ್ಲಿ ಪುಸ್ತಕ ಕೊಡೋಕೆ ಶುರು ಮಾಡಿದ್ದು 1935ರ ನವೆಂಬರಲ್ಲಿ. ಮೊದ್ಲು ಬಂದ ಎರಡು ಪುಸ್ತಕದಲ್ಲಿ ಒಂದು ಅಗಾಥಾ ಕ್ರಿಸ್ಟಿಯ ಕೊಲೆ ಕಾದಂಬರಿ, 'ದ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್'. ಅಂದ್ರೆ ಆಡಿಯೋಬುಕ್ ಹುಟ್ಟಿದಾಗಿಂದ್ಲೂ ಪತ್ತೇದಾರ ಜತೇಲೇ ಇದಾನೆ. ಅದೇ 1935ರಲ್ಲೇ ನಮ್ಮ ಮೈಸೂರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೇಲೇ ರೇಡಿಯೋ ಶುರು ಮಾಡಿದ್ದು, ಅದಕ್ಕೆ ಆಕಾಶವಾಣಿ ಅನ್ನೋ ಹೆಸರು ಬಂತು. ಗಮಕ, ಹರಿಕತೆ, ತಾಳಮದ್ದಳೆ, ಆಮೇಲೆ ರೇಡಿಯೋ ನಾಟಕ, ಕತೆಯನ್ನ ಕಿವೀಲಿ ತಗೊಳ್ಳೋದು ನಮಗೆ ಯಾರೂ ಹೇಳ್ಕೊಡ್ಬೇಕಿಲ್ಲ. ಬೆಂಗಳೂರಲ್ಲೇ ಎಚ್‌ಎಸ್‌ಆರ್ ಲೇಔಟಿನ ಮಿತ್ರ ಜ್ಯೋತಿ ಸಂಸ್ಥೆ 1990ರಿಂದ ಇದೆ, ಅಲ್ಲೊಂದು ಟಾಕಿಂಗ್ ಬುಕ್ ಲೈಬ್ರರಿನೇ ಇದೆ. ನಮಗೆ ಈಗ ಫ್ಯಾಷನ್ ಆಗಿರೋದು ಅಂಧರಿಗೆ ಯಾವತ್ತಿಂದ್ಲೋ ಅಭ್ಯಾಸ.

ಕಿವೀಲಿ ಪತ್ತೇದಾರಿ ಕೇಳೋಕೂ ಪುಸ್ತಕ ಹಿಡ್ಕೊಂಡು ಓದೋಕೂ ಬೇಕಾದಷ್ಟು ವ್ಯತ್ಯಾಸ ಇದೆ. 2016ರಲ್ಲಿ ಬೆತ್ ರೊಗೊವ್ಸ್ಕಿ ಅನ್ನೋರು ಮತ್ತು ಅವರ ಜತೆಗಾರರು ಮಾಡಿದ ಅಧ್ಯಯನದಲ್ಲಿ ದೊಡ್ಡೋರು ಓದಿದ್ರೂ ಕೇಳಿದ್ರೂ ಅರ್ಥ ಆಗೋದ್ರಲ್ಲಿ ಹೇಳ್ಕೊಳ್ಳೋ ಫರಕು ಕಾಣ್ಲಿಲ್ಲ, ಇದನ್ನ ಆಡಿಯೋಬುಕ್ ಪ್ರಿಯರು ಸಿಕ್ಕ ಸಿಕ್ಕಲ್ಲಿ ಹೇಳ್ತಿರ್ತಾರೆ. ಆದ್ರೆ ಅಲ್ಲಿ ಬಳಸಿದ್ದು ಒಂದು ನಿಜಜೀವನದ ಕತೆ. ಪತ್ತೇದಾರಿಲಿ ಆಟ ಬೇರೆ, ಲೇಖಕರು ಸುಳಿವನ್ನ ಬೇಕಂತ್ಲೇ ಬಚ್ಚಿಡ್ತಾರೆ, ನಾಲ್ಕನೇ ಚಾಪ್ಟರಲ್ಲಿ ಯಾರೋ ಕಾಫಿ ಬೇಡ ಅಂದಿದ್ದು ಮೂವತ್ತನೇ ಚಾಪ್ಟರಲ್ಲಿ ಕೇಸು ಬಿಡಿಸುತ್ತೆ. ಪುಸ್ತಕ ಆದ್ರೆ ಹಿಂದಕ್ಕೆ ಹಾಳೆ ತಿರುಗಿಸ್ತೀರ, ಆಡಿಯೋಲಿ ಆ ಕಾಫಿ ಮಾತು ಬಂದಾಗ ನೀವು ಮಾರತ್ತಹಳ್ಳಿ ಬ್ರಿಡ್ಜ್ ಕೆಳಗೆ ಆಟೋದೋನ ಜತೆ ಮೀಟರ್ ಮೇಲೆ ಎಷ್ಟು ಅಂತ ವಾದ ಮಾಡ್ತಿದ್ರೆ ಸುಳಿವು ಹೋಯ್ತು ಅಂತ್ಲೇ ಲೆಕ್ಕ. ಹಗುರ ಕ್ರೈಮ್ ಕಿವಿಗೆ ಒಗ್ಗೋದು ಇದಕ್ಕೇ ಅಂತ ನಂಗನ್ಸೋದು. ಅಲ್ಲಿ ಸುಳಿವಿನ ಜತೆ ಮಾತಿನ ಮಜಾನೂ ಇರುತ್ತೆ, ಒಂದು ಸುಳಿವು ತಪ್ಪಿದ್ರೂ ಪಾತ್ರಗಳ ಹರಟೆ ಕೈಲಿರುತ್ತೆ, ಪ್ರಯಾಣ ದಂಡ ಆಗಲ್ಲ. ಗಂಭೀರವಾದ, ಯಾರು ಎಷ್ಟೊತ್ತಿಗೆ ಎಲ್ಲಿದ್ರು ಅಂತ ಟೈಮ್‌ಟೇಬಲ್ ಹಾಕ್ಕೊಂಡು ಬಿಡಿಸೋ ತರದ ಪತ್ತೇದಾರಿ ಟ್ರಾಫಿಕ್ಕಲ್ಲಿ ಕೇಳೋದು ಕಷ್ಟ, ಅದಕ್ಕೆ ಕೈಲಿ ಪೆನ್ಸಿಲ್ ಬೇಕು.

ಟೀನ್ ಥ್ರಿಲ್ಲರಿಗೆ ಕಿವಿ ಇನ್ನೂ ಹತ್ರ, ಯಾಕಂದ್ರೆ ಈ ಪುಸ್ತಕಗಳು ಅರ್ಧ ಹುಟ್ಟಿರೋದೇ ಪಾಡ್‌ಕಾಸ್ಟ್ ಕಾಲದಲ್ಲಿ. 2014ರಲ್ಲಿ 'ಸೀರಿಯಲ್' ಅನ್ನೋ ಅಮೆರಿಕನ್ ಪಾಡ್‌ಕಾಸ್ಟ್ ಒಂದು ಹಳೇ ಕೊಲೆ ಕೇಸನ್ನ ವಾರಕ್ಕೊಂದು ಕಂತಲ್ಲಿ ಕೆದಕಿ ಜಗತ್ತೇ ಕೇಳೋ ಹಂಗೆ ಮಾಡ್ತು, ಆಮೇಲೆ ಬಂದ ಎಷ್ಟೋ ಟೀನ್ ಕಾದಂಬರಿಲಿ ಇಂಟರ್‌ವ್ಯೂ, ಫೋನ್ ರೆಕಾರ್ಡು, ಮೆಸೇಜು, ಕೇಸ್ ಫೈಲಿನ ಟಿಪ್ಪಣಿ ಎಲ್ಲ ಕತೆಯೊಳಗೇ ಸೇರ್ಕೊಂಡ್ವು. ಕರ್ಟ್‌ನಿ ಸಮ್ಮರ್ಸ್ ಬರೆದ 'ಸೇಡಿ' (2018) ಅರ್ಧಕ್ಕರ್ಧ ಪಾಡ್‌ಕಾಸ್ಟ್ ಸ್ಕ್ರಿಪ್ಟೇ, ಪೂರ್ತಿ ತಂಡ ಕೂತು ಓದಿದ ಅದರ ಆಡಿಯೋಗೆ 2019ರಲ್ಲಿ ಒಡಿಸ್ಸಿ ಪ್ರಶಸ್ತಿ ಬಂತು, ಅದು ಮಕ್ಕಳ ಮತ್ತು ಟೀನ್ ಆಡಿಯೋಬುಕ್ಕಿಗೇ ಅಂತ ಅಮೆರಿಕದಲ್ಲಿ ಕೊಡೋ ಪ್ರಶಸ್ತಿ. ಹಗುರವಾದ ಕತೆ ಅಲ್ಲ, ಹದಿಮೂರು ವರ್ಷದೋರಿಗೆ ಕೊಡೋಕ್ ಮುಂಚೆ ನೀವು ಕೇಳಿ ನೋಡಿ. ಹೇಳ್ಬೇಕಂದ್ಕೊಂಡಿದ್ದು ಏನಂದ್ರೆ, ಹಾಳೆ ಮೇಲೆ ಸಪ್ಪೆ ಅನ್ಸೋ ಇಂಟರ್‌ವ್ಯೂ ಎರಡು ದನಿಲಿ ಬಂದ ತಕ್ಷಣ ಜೀವ ಬರುತ್ತೆ.

ದನಿ ಅಂದ್ರೆ ಬರೀ ಓದೋದಲ್ಲ. ಥರ್ಸ್‌ಡೇ ಮರ್ಡರ್ ಕ್ಲಬ್ ಸರಣಿಯ ಮೊದ್ಲೆರಡು ಪುಸ್ತಕ ಓದಿದ್ದು ಲೆಸ್ಲಿ ಮ್ಯಾನ್‌ವಿಲ್, ಮೂರನೇದ್ರಿಂದ ಫಿಯೊನಾ ಶಾ. ಇಬ್ರೂ ದೊಡ್ಡ ನಟಿಯರೇ, ಆದ್ರೂ ಎರಡು ಪುಸ್ತಕ ಒಂದು ದನಿಗೆ ಹೊಂದ್ಕೊಂಡೋರಿಗೆ ಮೂರನೇದ್ರಲ್ಲಿ ಅದೇ ಪಾತ್ರ ಬೇರೆ ಯಾರೋ ಆಗ್ಬಿಟ್ಟಂಗೆ ಅನ್ಸುತ್ತೆ. ಇನ್ನೊಂದು, ಸ್ಪೀಡು. 1.5ರಲ್ಲಿ ಇಟ್ಕೊಂಡು ವರ್ಷಕ್ಕೆ ಇಷ್ಟು ಪುಸ್ತಕ ಮುಗಿಸ್ದೆ ಅಂತ ಲೆಕ್ಕ ಕೊಡೋರಿದಾರೆ, ಜೋಕು ನಿಂತಿರೋದು ಮಾತಿನ ಮಧ್ಯೆ ಬರೋ ಆ ಅರ್ಧ ಸೆಕೆಂಡ್ ಸುಮ್ನಿರೋದ್ರ ಮೇಲೆ, ಅದನ್ನೇ ಕತ್ತರಿಸಿ ಹಾಕಿದ್ರೆ ಇನ್ನೇನು ಕೇಳ್ತೀರ?

ಸರಿ, ಈಗ ನಮ್ಮ ಕಡೆ ಬರೋಣ. ಕನ್ನಡದಲ್ಲಿ ಪತ್ತೇದಾರಿ ಇಲ್ವೇ ಇಲ್ಲ ಅನ್ನೋ ಹುಡುಗ್ರಿಗೆ ಎನ್. ನರಸಿಂಹಯ್ಯನೋರ ಹೆಸರೇ ಗೊತ್ತಿಲ್ಲ. ಐನೂರಕ್ಕೂ ಜಾಸ್ತಿ ಪತ್ತೇದಾರಿ ಕಾದಂಬರಿ ಬರೆದೋರು, ಅವರ ಪತ್ತೇದಾರ ಪುರುಷೋತ್ತಮನ ಪಾಕೆಟ್ ಬುಕ್ಕಿಗೆ ಸರ್ಕ್ಯುಲೇಟಿಂಗ್ ಲೈಬ್ರರಿಲಿ ಸರದಿ ಕಾದು ಓದಿದ ತಲೆಮಾರು ಇನ್ನೂ ಬಸವನಗುಡಿ, ಮಲ್ಲೇಶ್ವರದ ಪಾರ್ಕಲ್ಲಿ ವಾಕಿಂಗ್ ಮಾಡ್ತಿದೆ, ಕೇಳಿ ನೋಡಿ. ಮ. ರಾಮಮೂರ್ತಿಯವರು ಅಂದ್ರೆ ಎಲ್ರಿಗೂ ಅರಿಶಿಣ ಕುಂಕುಮದ ಕನ್ನಡ ಬಾವುಟ ನೆನಪಾಗುತ್ತೆ, ನವೆಂಬರಲ್ಲಿ ಆಟೋ ಆಟೋಗೂ ಕಟ್ಟಿರ್ತಾರೆ, ಆ ಬಾವುಟ ಕೊಟ್ಟೋರು ಹೊಟ್ಟೆಪಾಡಿಗೆ ಪತ್ತೇದಾರಿ ಕಾದಂಬರಿ ರಾಶಿ ಬರೆದಿದ್ರು ಅಂತ ಎಷ್ಟು ಜನಕ್ಕೆ ಗೊತ್ತು? ಟಿ.ಕೆ. ರಾಮರಾವ್ ಅವರದ್ದು ಇನ್ನೊಂದು ಸಾಲು. ನಗಿಸ್ತಾ ಕೊಲೆ ತನಿಖೆ ಮಾಡಿಸೋದಂತೂ ತೇಜಸ್ವಿಯವರು 1985ರಲ್ಲೇ 'ಚಿದಂಬರ ರಹಸ್ಯ'ದಲ್ಲಿ ಮಾಡಿಟ್ರು. ಏಲಕ್ಕಿ ಇಳುವರಿ ಯಾಕೆ ಬಿದ್ದೋಯ್ತು, ವಿಜ್ಞಾನಿ ಸತ್ತಿದ್ದು ಹೆಂಗೆ ಅಂತ ಪತ್ತೆ ಮಾಡೋಕೆ ಅಂಗಡಿ ಅನ್ನೋ ಅಧಿಕಾರಿ ಕೆಸರೂರಿಗೆ ಬರ್ತಾನೆ, ಅಲ್ಲಿ ಕ್ರಾಂತಿ ಮಾಡ್ತೀವಿ ಅಂತ ಓಡಾಡೋ ಕಾಲೇಜು ಹುಡುಗ್ರ ಗುಂಪು ಬೇರೆ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಬಂದಿದ್ದೇ ತಡ ಅದು "ಗಂಭೀರ ಸಾಹಿತ್ಯ" ಆಗೋಯ್ತು, ಸಿಲಬಸ್ಸಿಗೆ ಹೋಯ್ತು. ಬಸ್ಸಲ್ಲಿ ಕೂತು ನಗ್ತಾ ಕೇಳೋ ಪುಸ್ತಕ ಅದು ಅಂತ ಯಾವ ಮೇಷ್ಟ್ರೂ ಹೇಳ್ಲಿಲ್ಲ.

ಇಷ್ಟಿದ್ದೂ ಆಪ್ ತೆಗೆದ್ರೆ ಯಾಕೆ ಸಿಗಲ್ಲ? ಇಲ್ಲೇ ಕಾಸಿನ ಲೆಕ್ಕ ಬರೋದು. ಅಮೆಜಾನ್‌ನ ಆಡಿಯೋಬುಕ್ ಆಪ್ ಆಡಿಬಲ್ ಭಾರತಕ್ಕೆ ಬಂದಿದ್ದು 2018ರ ನವೆಂಬರಲ್ಲಿ, ಆಗ ತಿಂಗಳಿಗೆ 199 ರೂಪಾಯಿಗೆ ಒಂದು ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ ಒಂದು ಪುಸ್ತಕ. ಇದ್ರಲ್ಲಿ ಕೇಳೋರು ಏನು ಕೊಂಡ್ಕೋತಾರೆ? ಮುಗಿದಿರೋ ಒಂದು ಕತೆ. ಕೊಲೆ ಯಾರು ಮಾಡಿದ್ದು ಅಂತ ಕೊನೇಲಿ ಹೇಳ್ಲೇಬೇಕು, ಚೆನ್ನಾಗಿ ಮುಗಿಸಿದ್ರೆ ಆ ಲೇಖಕರ ಮುಂದಿನ ಪುಸ್ತಕಕ್ಕೆ ಮುಂದಿನ ತಿಂಗಳ ಕ್ರೆಡಿಟ್ ಹೋಗುತ್ತೆ. ಭಾರತೀಯ ಭಾಷೆಗಳಲ್ಲಿ ಜೋರಾಗಿ ಬೆಳೆದಿದ್ದು ಇನ್ನೊಂದು ಮಾದರಿ, ಪಾಕೆಟ್ ಎಫ್‌ಎಂ ತರದ ಆಪ್‌ಗಳದ್ದು, ಹತ್ತು ಹದಿನೈದು ನಿಮಿಷದ ಕಂತು, ಮೊದ್ಲು ಒಂದಷ್ಟು ಫ್ರೀ, ಆಮೇಲೆ ಕಾಯಿನ್ ಕೊಟ್ಟು ಒಂದೊಂದೇ ಕಂತು ತೆಗೀಬೇಕು. ಇಲ್ಲಿ ದುಡ್ಡು ಬರೋದು ಕತೆ ಮುಗಿಯದೇ ಇದ್ದಾಗ. ಪ್ರತಿ ಕಂತಿನ ಕೊನೇಲೂ ಒಂದು ಬಾಗಿಲು ಧಡ್ ಅನ್ಬೇಕು, ಯಾರೋ ಫೋನ್ ಮಾಡಿ "ನಿಮ್ಮ ಗಂಡ ಬದುಕಿದಾನೆ" ಅನ್ಬೇಕು. ನೂರಾರು ಕಂತು ಎಳೆಯೋ ಕತೆಗೆ ಸುಳಿವು ಇಡೋಕೆ ಆಗಲ್ಲ, ಕೊನೆ ಎಲ್ಲಿದೆ ಅಂತ ಬರೆಯೋರಿಗೇ ಗೊತ್ತಿರಲ್ವಲ್ಲ. ಸುಳಿವು ನ್ಯಾಯವಾಗಿ ಇಟ್ಟು ಕೊನೇಲಿ ಗಂಟು ಬಿಡಿಸೋದೇ ಪತ್ತೇದಾರಿಯ ಗುಟ್ಟು, ಅದೇ ಇಲ್ಲಿ ನಷ್ಟದ ಬಾಬ್ತು.

ಕಂತು ಅನ್ನೋದೇ ಕೆಟ್ಟದ್ದು ಅಂತಲ್ಲ ಮತ್ತೆ. ಸುಧಾ, ತರಂಗದಲ್ಲಿ ಧಾರಾವಾಹಿ ಬರ್ತಿದ್ದಾಗ ಮುಂದಿನ ವಾರಕ್ಕೆ ಕಾದಿದ್ದೂ ಉಂಟು, ಆದ್ರೆ ಅಲ್ಲಿ ಸಂಪಾದಕರು ಒಬ್ರು ಇರ್ತಿದ್ರು, ಇಷ್ಟು ವಾರಕ್ಕೆ ಮುಗಿಸಿ ಅನ್ನೋರು, ಮುಗಿದ ಮೇಲೆ ಅದು ಪುಸ್ತಕ ಆಗ್ತಿತ್ತು.

ಇನ್ನೊಂದು ತುದೀಲಿ ಮೈಲ್ಯಾಂಗ್ ತರದ ಕನ್ನಡದ್ದೇ ಆಪ್ ಇದೆ, ಇ-ಬುಕ್ಕೂ ಆಡಿಯೋಬುಕ್ಕೂ ಎರಡೂ ಸಿಗುತ್ತೆ, ಪುಸ್ತಕ ಒಟ್ಟಿಗೇ ಕೊಂಡ್ಕೋಬಹುದು. ನಿಜವಾಗ್ಲೂ ಒಳ್ಳೇ ಕೆಲಸ. ಆದ್ರೆ ಒಟ್ಟಾರೆ ಕನ್ನಡ ಆಡಿಯೋಬುಕ್ ಅಂದಾಗ ಮೊದ್ಲು ಸ್ಟುಡಿಯೋಗೆ ಹೋಗೋದು ಹೆಸರಾದ ಕೃತಿಗಳು, ಪ್ರಶಸ್ತಿ ಬಂದವು, ಎಲ್ರೂ ಕೇಳಿರೋ ಲೇಖಕರು. ಅದ್ರಲ್ಲಿ ತಪ್ಪೂ ಇಲ್ಲ, ಹತ್ತು ಗಂಟೆ ಪುಸ್ತಕ ರೆಕಾರ್ಡ್ ಮಾಡೋಕೆ ಓದೋರ ಸಂಭಾವನೆ, ಸ್ಟುಡಿಯೋ ಬಾಡಿಗೆ, ಎಡಿಟಿಂಗ್, ಕೇಳಿ ತಪ್ಪು ಹಿಡಿಯೋದು ಎಲ್ಲ ಸೇರಿ ಖರ್ಚು ಮೊದಲೇ ಆಗೋಗುತ್ತೆ, ಅಷ್ಟು ಹಾಕೋರು ಹೆಸರಿಲ್ಲದ ಹಗುರ ಪತ್ತೇದಾರಿ ಮೇಲೆ ಯಾಕೆ ಹಾಕ್ತಾರೆ? ಹಿಂಗಾಗಿ ಒಂದು ಕಡೆ ಮುಗಿಯದ ಕಂತು, ಇನ್ನೊಂದು ಕಡೆ ಮಹಾಕೃತಿ, ಮಧ್ಯದ ಜಾಗ ಖಾಲಿ. ಆ ಖಾಲಿ ಜಾಗದಲ್ಲಿ ಯೂಟ್ಯೂಬಲ್ಲಿ ಅನುಮತಿ ಇಲ್ದೆ ಯಾರದ್ದೋ ಕಾದಂಬರಿ ಓದಿ ಹಾಕೋರು ಬೆಳೀತಿದಾರೆ, ಬರೆದೋರಿಗೆ ಬಿಡಿಗಾಸೂ ಹೋಗಲ್ಲ.

ಇದ್ರಿಂದ ಜಾಸ್ತಿ ನಷ್ಟ ಆಗ್ತಿರೋದು ಬೆಂಗಳೂರಿನ ಹದಿನಾಲ್ಕು ಹದಿನೈದರ ಮಕ್ಕಳಿಗೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಬಂದ್ಮೇಲೆ ಸಿಬಿಎಸ್‌ಇ, ಐಸಿಎಸ್‌ಇ ಸ್ಕೂಲಲ್ಲೂ ಕನ್ನಡ ಕಲೀಬೇಕು, ಮಕ್ಕಳು ಅಕ್ಷರ ಕಲ್ತಿದಾರೆ, ಪರೀಕ್ಷೆ ಬರೀತಾರೆ, ಆದ್ರೆ ಇನ್ನೂರು ಪುಟದ ಕಾದಂಬರಿ ಹಿಡಿದ್ರೆ ಒಂದು ಪುಟಕ್ಕೆ ಹತ್ತು ನಿಮಿಷ ಆಗುತ್ತೆ, ಅಷ್ಟೊತ್ತಿಗೆ ಕೊಲೆಗಾರ ಊರು ಬಿಟ್ಟಿರ್ತಾನೆ. ಅದೇ ಮಕ್ಕಳು ಅಜ್ಜಿ ಹೇಳೋ ಕತೆನ ಒಂದು ಪದ ಬಿಡದಂಗೆ ಅರ್ಥ ಮಾಡ್ಕೋತಾರೆ, ಮನೇಲಿ ಜಗಳ ಆಡೋದು ಕನ್ನಡದಲ್ಲೇ. ಇವರ ಕನ್ನಡ ಇರೋದು ಕಿವೀಲಿ. ಇವರಿಗೆ ಟೀನ್ ಥ್ರಿಲ್ಲರ್ ಕನ್ನಡದಲ್ಲಿ ಕೊಡ್ಬೇಕಂದ್ರೆ ಆಡಿಯೋಗಿಂತ ಸಲೀಸು ದಾರಿ ನಂಗೆ ಕಾಣ್ತಿಲ್ಲ, ಅಚ್ಚು ಪುಸ್ತಕ ಆಮೇಲೆ ಬೇಕಾದ್ರೆ ಬರ್ಲಿ.

ಹಾಲಿ ಜಾಕ್ಸನ್ ಪುಸ್ತಕದಲ್ಲೇ ಒಂದು ಪಾಠ ಇದೆ ನೋಡಿ. ಬ್ರಿಟಿಷ್ ಆವೃತ್ತಿಲಿ ಕತೆ ನಡೆಯೋದು ಇಂಗ್ಲೆಂಡಿನ ಲಿಟಲ್ ಕಿಲ್ಟನ್ ಅನ್ನೋ ಊರಲ್ಲಿ, ಅಮೆರಿಕನ್ ಆವೃತ್ತಿಗೆ ಇಡೀ ಊರನ್ನೇ ಎತ್ಕೊಂಡೋಗಿ ಕನೆಕ್ಟಿಕಟ್‌ನ ಫೇರ್‌ವ್ಯೂ ಮಾಡಿದ್ರು. ಒಂದೇ ಭಾಷೆ ಮಾತಾಡೋ ಎರಡು ದೇಶಕ್ಕೇ ಅಷ್ಟು ತಲೆ ಕೆಡಿಸ್ಕೊಂಡ್ರು, ಅಲ್ಲಿನ ಮಕ್ಕಳಿಗೆ ಪಕ್ಕದ ಮನೇಲೇ ಆಗಿದೆ ಅನ್ಸ್ಬೇಕು ಅಂತ. ನಮ್ಮಲ್ಲಿ ವಿಜಯನಗರದ ಪಿಯು ಹುಡುಗಿ ಟ್ಯೂಷನ್ ಬಿಟ್ಟು ಕೇಸು ಹಿಡ್ಯೋದು, ಅಪಾರ್ಟ್‌ಮೆಂಟ್ ಸೆಕ್ಯೂರಿಟಿ ರಿಜಿಸ್ಟರಲ್ಲಿ ಒಂದು ಹಾಳೆ ಕಾಣೆಯಾಗೋದು, ವಾಟ್ಸಾಪ್ ಗ್ರೂಪಿಂದ ಒಬ್ಬ ಅಂಕಲ್ ರಾತ್ರೋರಾತ್ರಿ ಎಕ್ಸಿಟ್ ಆಗೋದು, ಇಷ್ಟು ಸಾಕಲ್ವಾ? ಎಚ್‌ಎಂಟಿ, ಬಿಇಎಲ್ ರಿಟೈರ್ ಆದ ನಾಲ್ಕು ಜನ ಜಾಲಹಳ್ಳಿ ಕಡೆ ಬೆಳಿಗ್ಗೆ ವಾಕಿಂಗ್ ಮುಗಿಸಿ ದರ್ಶಿನಿಲಿ ಬೈಟು ಕಾಫಿ ಕುಡೀತಾ ಕೇಸು ಬಿಡಿಸಿದ್ರೆ ಕೆಂಟ್‌ನೋರಿಗಿಂತ ಏನೂ ಕಮ್ಮಿ ಇರಲ್ಲ.

ಬರೆಯೋಕೆ ಕೂತೋರಿಗೆ ಎದುರಾಗೋ ತೊಡಕು ಇನ್ನೊಂದಿದೆ. ನಾವು ಬರೆಯೋ ಕನ್ನಡ ಬೇರೆ, ಆಡೋ ಕನ್ನಡ ಬೇರೆ. "ಅವನು ಬಾಗಿಲನ್ನು ತೆರೆದು ಒಳಗೆ ಇಣುಕಿದನು" ಅಂತ ಹಾಳೆ ಮೇಲಿದ್ರೆ ಕಣ್ಣು ಸುಮ್ನೆ ದಾಟುತ್ತೆ, ಅದನ್ನೇ ಜೋರಾಗಿ ಓದಿದ್ರೆ ವಾರ್ತೆ ಓದಿದಂಗಾಗುತ್ತೆ. ಇದಕ್ಕೆ ಓದೋರೇ ಏನೋ ಮಾಡ್ತಾರೆ, ನಾಟಕದಿಂದ ಬಂದೋರಾದ್ರೆ ನಿರೂಪಣೆ ಹಂಗೇ ಇಟ್ಟು ಮಾತುಗಳನ್ನ ಮಾತ್ರ ಮಂಡ್ಯಕ್ಕೋ ಧಾರವಾಡಕ್ಕೋ ಕುಂದಾಪುರಕ್ಕೋ ತಗೊಂಡೋಗ್ತಾರೆ, ಆಗ ಯಾರು ಮಾತಾಡ್ತಿದಾರೆ ಅಂತ "ಎಂದನು ಎಂದಳು" ಇಲ್ದೇನೇ ಗೊತ್ತಾಗುತ್ತೆ. ಪತ್ತೇದಾರಿಲಿ ಇದು ಸುಳಿವೂ ಆಗ್ಬಹುದು, ಮೈಸೂರೋನು ಅಂತ ಹೇಳ್ಕೊಂಡೋನ ಬಾಯಲ್ಲಿ ಕೋಪ ಬಂದಾಗ ಹುಬ್ಬಳ್ಳಿ ಬಂದ್ಬಿಟ್ರೆ ಕೇಳೋರ ಕಿವಿ ನಿಮಿರುತ್ತೆ. ಅಚ್ಚಲ್ಲಿ ಇದನ್ನ ಬಚ್ಚಿಡೋಕೇ ಆಗಲ್ಲ, ಕಿವೀಲಿ ಆಗುತ್ತೆ.

ಹಂಗಾದ್ರೆ ಖರ್ಚು ಕಮ್ಮಿ ಮಾಡೋಕೆ ಎಐ ದನಿ ಇದ್ಯಲ್ಲ ಅಂತ ಕೇಳ್ತೀರ. ಆಡಿಬಲ್‌ನೋರು 2025ರ ಮೇ ತಿಂಗಳಲ್ಲಿ ಪ್ರಕಾಶಕರಿಗೆ ಎಐ ನಿರೂಪಣೆ ಕೊಡ್ತೀವಿ ಅಂತ ಹೇಳಿದಾರೆ. ನಮ್ಮ ಐಐಎಸ್‌ಸಿಲೇ ಸಿಸ್‌ಪಿನ್ ಅನ್ನೋ ಪ್ರಾಜೆಕ್ಟಲ್ಲಿ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗೆ ಬರಹದಿಂದ ಮಾತು ಮಾಡೋ ಕೆಲಸ ಆಗಿದೆ. ಅಡುಗೆ ಪುಸ್ತಕಕ್ಕೆ, ಪಾಠಕ್ಕೆ, ಸರ್ಕಾರಿ ಮಾಹಿತಿಗೆ, ಕಣ್ಣು ಕಾಣದೋರಿಗೆ ಇವತ್ತೇ ಬೇಕಾದ ಪುಸ್ತಕಕ್ಕೆ ಇದು ವರದಾನನೇ. ಹಗುರ ಕ್ರೈಮಿಗೆ ಮಾತ್ರ ನಂಗೆ ನಂಬಿಕೆ ಬರ್ತಿಲ್ಲ, ಸುಳ್ಳು ಹೇಳ್ತಿರೋ ಪಾತ್ರ ಸುಳ್ಳು ಹೇಳ್ತಿದೆ ಅಂತ ಪೂರ್ತಿ ಬಿಟ್ಟುಕೊಡದೆ ಒಂಚೂರು ಮಾತ್ರ ಕಿವಿಗೆ ಹಾಕ್ಬೇಕು, ಅದನ್ನ ಮಾಡೋಕೆ ಓದೋರಿಗೆ ಕತೆಯ ಕೊನೆ ಗೊತ್ತಿರ್ಬೇಕು.

ಇನ್ನು ಹಳೇ ಕಾದಂಬರಿಗಳ ಹಕ್ಕು. ನಮ್ಮ ಕಾಪಿರೈಟ್ ಕಾಯ್ದೆಲಿ ಲೇಖಕರು ತೀರ್ಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಇರುತ್ತೆ. ನರಸಿಂಹಯ್ಯನೋರು ಹೋಗಿದ್ದು 2011ರಲ್ಲಿ, ಅಂದ್ರೆ 2071ರ ತನಕ ಮನೆಯೋರನ್ನೋ ಹಕ್ಕು ತಗೊಂಡಿರೋ ಪ್ರಕಾಶಕರನ್ನೋ ಕೇಳ್ಲೇಬೇಕು, ಅಷ್ಟು ಪುಸ್ತಕ ಎಷ್ಟೋ ಪ್ರಕಾಶಕರ ಹತ್ರ ಹಂಚಿಹೋಗಿರುವಾಗ ಯಾವುದು ಯಾರದ್ದು ಅಂತ ಹುಡುಕೋದೇ ಒಂದು ಪತ್ತೇದಾರಿ ಕೆಲಸ. ಆದ್ರೆ ಮ. ರಾಮಮೂರ್ತಿಯವರು ತೀರ್ಕೊಂಡಿದ್ದು 1967ರ ಡಿಸೆಂಬರಲ್ಲಿ. 2028ರ ಜನವರಿ 1ಕ್ಕೆ ಅವರು ಬರೆದಿದ್ದು ಯಾರ್ ಬೇಕಾದ್ರೂ ಓದಿ ರೆಕಾರ್ಡ್ ಮಾಡಿ ಹಾಕೋ ಹಂಗಾಗುತ್ತೆ, ರಾಯಲ್ಟಿ ಇಲ್ಲ, ಸಹಿ ಇಲ್ಲ. ಹಳೇ ಕಾಲದ ಬರವಣಿಗೆ, ಹೆಣ್ಣುಮಕ್ಕಳ ಬಗ್ಗೆ ಇವತ್ತು ಕೇಳಿದ್ರೆ ಮುಖ ಕಿವುಚೋ ಹಂಗಿರೋ ಮಾತು ಸಿಕ್ರೂ ಸಿಗಬಹುದು, ಆರಿಸಿ ತಗೋಬೇಕು. ತೊಂದ್ರೆ ಇರೋದು ಪ್ರತಿಗಳದ್ದು. ಪಾಕೆಟ್ ಬುಕ್ಕಿನ ಹಾಳೆ ಅಗ್ಗದ್ದು, ಮುಟ್ಟಿದ್ರೆ ಪುಡಿ ಆಗುತ್ತೆ, ಲೈಬ್ರರಿಗಳು ಪತ್ತೇದಾರಿನ ಜೋಪಾನ ಮಾಡ್ಬೇಕಾದ ಸಾಹಿತ್ಯ ಅಂತ ಅವತ್ತು ಅನ್ಕೊಂಡಿದ್ದು ಕಮ್ಮಿ. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿ, ಯಾರದ್ದೋ ಮನೆ ಅಟ್ಟ, ಊರಿನ ಸರ್ಕ್ಯುಲೇಟಿಂಗ್ ಲೈಬ್ರರಿ ಮುಚ್ಚಿದಾಗ ಯಾರೋ ಎತ್ತಿಟ್ಟ ಗೋಣಿಚೀಲ, ಇಂಥಾ ಕಡೆ ಇರೋದನ್ನ ಈಗ್ಲೇ ಸ್ಕ್ಯಾನ್ ಮಾಡಿ ಇಟ್ಕೊಂಡ್ರೆ ಜನವರಿ ಬಂದಾಗ ಓದೋರ ಕೈಗೆ ಕೊಡೋಕೆ ಏನಾದ್ರೂ ಇರುತ್ತೆ.